ರಾಜೇಶ್ವರದ ಹತ್ತಿರ ನಿಂತ ಕಾರು

ಹುಮನಾಬಾದ,
17 ಮಾರ್ಚ್ 2024

ಪ್ರೀತಿಯ ವೀರಣ್ಣನಿಗೆ ತಂಗಿ ಸ್ನೇಹಲ್ ಮಾಡುವ ಶರಣು.

ಹೇಗಿದ್ದೀ? ಹೊಟ್ಟೆನೋವು ಕಡಿಮೆಯಾಯಿತೇ? ಲಾತೂರಿನಲ್ಲಿ ಒಬ್ಬನೇ ಇದ್ದೇನೆಂದು ಖಾನಾವಳಿಯ ಖಾರದ ಮೇಲೆಯೇ ದಿನ ದೂಡಬೇಡ, ಒಂದು ಹೊತ್ತಾದರೂ ಅನ್ನ ಮಜ್ಜಿಗೆ ಉಣ್ಣು. ನಾವು ಚೆನ್ನಾಗಿದ್ದೇವೆ. ಅಪ್ಪನೂ ಗಟ್ಟಿಯಾಗಿದ್ದಾರೆ.

ಸುದ್ದಿ ಏನೆಂದರೆ, ಅಜ್ಜನ ಬಿಳಿ ಅಂಬಾಸಿಡರ್ ಕಾರನ್ನು ಅಪ್ಪ ನಮ್ಮ ಮನೆಯವರಿಗೆ ಕೊಟ್ಟರು. ಹಳೇ ಗಾಡಿಗಳೆಂದರೆ ಇವರಿಗೆ ಹುಚ್ಚು, ನಿನಗೆ ಗೊತ್ತಲ್ಲ. ಹೋದ ಭಾನುವಾರ ಬಸವಕಲ್ಯಾಣದಿಂದ ಅಪ್ಪನನ್ನೂ ಕೂರಿಸಿಕೊಂಡು ತಂದರು. ದಾರಿಯಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಏಕಾಏಕಿ ಕೆಂಪು ಗೆರೆಗೆ ಹೋಯಿತಂತೆ. ಮರುದಿನ ಮೊಹಿನುದ್ದೀನ್ ಮಿಸ್ತ್ರಿಯನ್ನು ಮನೆಗೇ ಕರೆಸಿದೆವು. ರೇಡಿಯೇಟರ್ ತುಂಬ ನೀರಿತ್ತು. ಇಂಜಿನ್ ಇನ್ನೂ ಚಾಲೂ ಆಗಿರಲಿಲ್ಲ, ಬರೀ ಕೀಲಿ ತಿರುಗಿಸಿದ ಕೂಡಲೇ ಮುಳ್ಳು ಕೆಂಪಿಗೆ ಏರಿತು. ಅವರು ಇಂಜಿನ್‌ಗೆ ಸಿಕ್ಕಿಸಿದ ತಂತಿ ಬಿಚ್ಚಿ, "ಈಗ ಮುಳ್ಳ ಕೆಳಗ ಬೀಳಬೇಕ್ರಿ" ಎಂದರು. ಬೀಳಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಹುಡುಕಿದರೆ, ಅದೇ ತಂತಿಯ ಮೇಲಿನ ರಬ್ಬರ್ ಸವೆದು ಒಳಗಿನ ತಾಮ್ರ ತಗಡಿಗೆ ತಾಗುತ್ತಿತ್ತು. "ಇದು ಭಾಳ ವರ್ಷದ ಬೀಮಾರಿ ಅದರಿ. ಗಾಡಿ ಕುಲುಕಿದಾಗ ತಂತಿ ತಾಗ್ತದ, ಮುಳ್ಳ ಏರ್ತದ. ಇಂಜಿನ್ ಮಾತ್ರ ಬಿಸಿ ಆಗಿರಂಗಿಲ್ಲ" ಎಂದರು.

ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಎಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ. ಏಳು ವರ್ಷದ ಹಿಂದೆ, ಇದೇ ಕಾರು, ರಾಜೇಶ್ವರದ ಹತ್ತಿರ. ಅವ್ವ ಎದೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದ್ದಳು. "ಮನ್ಯಾಗ ಗಾಡಿ ಇರಬೇಕಾದ್ರ ಆಂಬುಲೆನ್ಸ್ ಯಾಕ" ಎಂದು ಹುಮನಾಬಾದಿನ ಆಸ್ಪತ್ರೆಗೆ ಹೊರಡಿಸಿದವರು ಅಪ್ಪನೇ. ಗಾಡಿ ಓಡಿಸುತ್ತಿದ್ದವನು ನೀನು. ಮುಳ್ಳು ಕೆಂಪಿಗೆ ಹೋದದ್ದೇ ಅಪ್ಪ ನಿಲ್ಲಿಸೆಂದರು. ನೀನು ಬಾನೆಟ್ ಎತ್ತಿ ಕೈ ಇಟ್ಟು ನೋಡಿ, "ಅಪ್ಪಾ, ಅಷ್ಟೇನೂ ಬಿಸಿ ಆಗಿಲ್ಲ, ಹೋಗೋಣು" ಎಂದು ಬೇಡಿಕೊಂಡೆ. "ನಮ್ಮಪ್ಪನ ಗಾಡಿ ಸುಡಾಕ ನಿಂತೀಯೇನು" ಎಂದು ಕೀಲಿ ಕಿತ್ತುಕೊಂಡರು. ಮಧ್ಯಾಹ್ನದ ಬಿಸಿಲಿನಲ್ಲಿ ನಲವತ್ತು ನಿಮಿಷ. ನೀನು ರಸ್ತೆಗೆ ಓಡಿ ಒಂದು ಜೀಪು ನಿಲ್ಲಿಸುವಷ್ಟರಲ್ಲಿ ಅವ್ವ ಇರಲಿಲ್ಲ. ಮೂರನೇ ದಿನ ಕೂಡಿದ ಮಂದಿಯ ಮುಂದೆ ಅಪ್ಪ, "ಈ ಮಗಾ ರೇಡಿಯೇಟರ್‌ಗೆ ನೀರ ಹಾಕಿದ್ದಿಲ್ಲ. ತಾಯೀನ ಕೊಂದ" ಎಂದರು. ಅಂದು ಮನೆ ಬಿಟ್ಟವನು ನೀನು.

ಮೊನ್ನೆ ಸೋಮವಾರ ಅಪ್ಪ ಅಂಗಳದ ಕುರ್ಚಿಯಲ್ಲಿ ಕುಳಿತು ಮಿಸ್ತ್ರಿಯ ಮಾತು ಪೂರ್ತಿ ಕೇಳಿದರು. ಹೊಸ ತಂತಿ ಹಾಕಿಸಿದರು. ಇವರ ಪಕ್ಕ ಕುಳಿತು ಊರ ಹೊರಗಿನ ತನಕ ಹೋಗಿ ಬಂದು, "ಈಗ ಬರೋಬರಿ ಆತು" ಎಂದರು. ಊಟಕ್ಕೆ ಒಂದು ರೊಟ್ಟಿ ಹೆಚ್ಚೇ ಉಂಡರು. ನಾನು ನಿನ್ನ ಹೆಸರೆತ್ತಿದೆ. ರೊಟ್ಟಿ ಮುರಿಯುತ್ತಲೇ, "ಆತಗ ಏನೂ ಬರೀಬ್ಯಾಡ. ಹೊರಗಿದ್ದು ರೂಢಿ ಆಗ್ಯಾದ ಆತಗ" ಎಂದರು.

ಔಷಧಿ ತಪ್ಪಿಸಬೇಡ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಸ್ನೇಹಲ್

ಇನ್ನೊಂದು ಮಾತು. ಆ ಮೂರನೇ ದಿನ ನೀನು ಹೊರಗೆ ಹೋದ ಮೇಲೆ ಹಿರಿಯರು ನನ್ನನ್ನೂ ಕೇಳಿದರು. ಅವ್ವ ಹೋದ ದಿನ ಬೆಳಿಗ್ಗೆ ನೀನು ರೇಡಿಯೇಟರ್‌ಗೆ ನೀರು ಹಾಕುವಾಗ ತಂಬಿಗೆ ತಂದುಕೊಟ್ಟವಳೇ ನಾನು. ಆದರೂ "ಹಾಕಿದ್ದಿಲ್ಲ" ಎಂದೆ. ನನ್ನ ಮದುವೆ ಗೊತ್ತಾಗಿತ್ತು, ಅಪ್ಪ ಕೈಬಿಟ್ಟರೆ ನಿಂತುಹೋಗುತ್ತಿತ್ತು. ನೀನು ಬಂದು ಎಲ್ಲರ ಮುಂದೆ ಕೇಳಿದರೆ ಮತ್ತೆ ಹಾಗೆಯೇ ಹೇಳುತ್ತೇನೆ. ಈ ಪತ್ರ ತೋರಿಸಿದರೆ ಬರೆದವಳು ನಾನಲ್ಲ ಎನ್ನುತ್ತೇನೆ. ಬರಬೇಡ ಅಣ್ಣಾ.