ಮೂರು ಜಾಹೀರಾತಿಗೆ ಹೂಂ ಎಂದವಳು

ಮಾರ್ಚ್ 3, ಸೋಮವಾರ
ಇಂದು ಎರಡು ಸಾವು. ಒಂದು ಶಾಲೆಯ ಜವಾನನದು, ಇನ್ನೊಂದು ಹಿಟ್ಟಿನ ಗಿರಣಿಯವನ ತಾಯಿಯದು. ಎರಡನ್ನೂ ತಡವರಿಸದೆ ಓದಿದೆ. ಪಾಸ್.

ಸೊಸೆಯ ಪದ್ಧತಿ ಇದು. ಊರಿನ ಸಾವಿನ ಸುದ್ದಿಗಳನ್ನು ತನ್ನ ವೆಬ್‌ಸೈಟಿಗೆ ಹಾಕುವ ಮೊದಲು ಕಾಗದದಲ್ಲಿ ಪ್ರಿಂಟ್ ತೆಗೆದು ನನ್ನ ಮುಂದಿಡುತ್ತಾಳೆ. ನಾಲ್ಕನೇ ಕ್ಲಾಸಿನ ಅಕ್ಷರಕ್ಕೆ ದಕ್ಕಿದರೆ ಊರಿಗೆಲ್ಲ ದಕ್ಕುತ್ತದೆ ಅನ್ನುವ ಲೆಕ್ಕ. ಬೆರಳಿಟ್ಟು ಓದುತ್ತೇನೆ. ಎಲ್ಲಿ ಎಡವುತ್ತೇನೋ ಅಲ್ಲಿ ತಿದ್ದುತ್ತಾಳೆ.

ಆ ವೆಬ್‌ಸೈಟಿನ ಮೊದಲ ಪುಟ ನನ್ನ ಮಗನದು. ಅವನು ಹೋದಾಗ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಅದಕ್ಕೇ ಶುರು ಮಾಡಿದಳು.

ಮಾರ್ಚ್ 6, ಗುರುವಾರ
ಪುಟಕ್ಕೆ ಒಂದೇ ಜಾಹೀರಾತು ಇತ್ತು. ಅದರಿಂದ ಸೈಟಿನ ಬಾಡಿಗೆಯೂ ಹುಟ್ಟುತ್ತಿಲ್ಲವಂತೆ.

‘ಅತ್ತೆ, ಮೂರು ಹಾಕ್ಲಾ?’

ಮಾದರಿ ಪುಟ ತಂದಿದ್ದಳು. ಮೇಲೊಂದು ಚಪ್ಪಲಿ, ನಡುವೆ ಹಾಸಿಗೆ, ಕೆಳಗೆ ಹಲ್ಲುಪುಡಿ.

‘ಹೆಣದ ಪಕ್ಕ ಹಾಸಿಗೆ ಮಾರ್ತೀಯೇನೇ?’

‘ಹಾಸಿಗೆ ಬದುಕಿರೋರಿಗೆ ಅತ್ತೆ. ಏನು ಬರುತ್ತೆ ಅನ್ನೋದು ನನ್ನ ಕೈಲಿಲ್ಲ, ಕಂಪನಿಯವರು ಕಳಿಸ್ತಾರೆ. ಎಷ್ಟು ಬರ್ಬೇಕು ಅನ್ನೋದಷ್ಟೇ ನನ್ನದು.’

‘ನಮ್ಮ ಹುಡುಗನ ಪುಟಕ್ಕೂ ಮೂರಾ?’

‘ಅದಕ್ಕೆ ಒಂದೂ ಇಲ್ಲ. ಮೊದಲಿಂದ್ಲೂ ಇಲ್ಲ.’

ಕಾಗದ ಹಿಡಿದು ಓದಿದೆ. ಹೆಸರು, ವಯಸ್ಸು, ಸಮಯ, ಸ್ಥಳ — ಎಲ್ಲ ಕಂಡಿತು. ಯಾವುದಕ್ಕೂ ಅಡ್ಡವಿರಲಿಲ್ಲ. ಹೂಂ ಎಂದೆ. ಪಾಸ್.

ಮಾರ್ಚ್ 19, ಬುಧವಾರ
ಬಡಗಿ ಹೋದ. ನಾನು ಕೂತಿರುವ ಈ ಮಣೆ ಅವನದೇ ಕೈಕೆಲಸ.

ಮಕ್ಕಳು ಬರೆದು ಕಳಿಸಿದ್ದನ್ನು ಓದಿದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು, ಮೊಮ್ಮಕ್ಕಳನ್ನು ಅಗಲಿದ್ದಾರೆ. ಅಲ್ಲೇ ಎಡವಿದೆ. ಒಡಹುಟ್ಟಿದ ತಮ್ಮ ಎಲ್ಲಿ? ಎರಡು ಬೀದಿ ಆಚೆ ದರ್ಜಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಣ್ಣತಮ್ಮಂದಿರಿಗೆ ಮಾತು ಬಿಟ್ಟು ಹನ್ನೊಂದು ವರ್ಷ — ಒಂದು ಗೋಡೆಯ ದೆಸೆಯಿಂದ. ಗೋಡೆ ಬಿದ್ದೂ ಆರು ವರ್ಷವಾಯಿತು.

ಸೊಸೆ ಫೋನು ಮಾಡಿ ಕೇಳಿದಳು. ‘ಕೊಟ್ಟಷ್ಟೇ ಹಾಕಿ’ ಎಂದನಂತೆ ಹಿರಿಮಗ.

ಹಾಕಿದಳು. ಮಣ್ಣು ಸಂಜೆ ನಾಲ್ಕಕ್ಕೆ, ಹೊಸ ಸ್ಮಶಾನದಲ್ಲಿ.

ಮಾರ್ಚ್ 20, ಗುರುವಾರ
ದರ್ಜಿ ಬಂದಿದ್ದ. ಬೈಯಲು ಬಂದನೇನೋ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಹೊಸಿಲಲ್ಲೇ ನಿಂತು ಫೋನು ಮುಂದೆ ಹಿಡಿದ.

‘ಅಮ್ಮ, ಇದನ್ನ ಹೆಂಗೆ ಮುಟ್ಟಬೇಕು, ಸ್ವಲ್ಪ ತೋರಿಸಿ. ನನಗೆ ಬರ್ಲಿಲ್ಲ.’

ಸಮಯ, ಸ್ಥಳ ಅಂತ ಬರೆದಿರುವ ಕಡೆ ಮುಟ್ಟಿದರೆ ಅವು ತೆರೆದುಕೊಳ್ಳಬೇಕು. ನಿನ್ನೆ ಇವನು ಮುಟ್ಟುವ ಹೊತ್ತಿಗೆ ಜಾಹೀರಾತು ತಡವಾಗಿ ನುಗ್ಗಿ, ಸಾಲು ಕೆಳಕ್ಕೆ ಜಾರಿ, ಬೆರಳಡಿಗೆ ಹಾಸಿಗೆ ಬಂದು ಕೂತಿದೆ. ಮುಟ್ಟಿದರೆ ಹಾಸಿಗೆ ಅಂಗಡಿ. ಹಿಂದೆ ಬಂದರೆ ಮತ್ತೆ ಹಾಸಿಗೆ. ನಾಲ್ಕು ಸಲ.

‘ಯಾರನ್ನಾದ್ರೂ ಕೇಳಬಾರದಿತ್ತಾ?’

‘ಯಾರನ್ನ ಕೇಳ್ಲಿ ಅಮ್ಮ? ಅಣ್ಣನ್ನ ಎಲ್ಲಿ ಮಣ್ಣು ಮಾಡ್ತಾರೆ ಅಂತ ಬೀದೀಲಿ ಕೇಳ್ಲಾ?’

ಅಂದಾಜಿನ ಮೇಲೆ ಹಳೇ ಸ್ಮಶಾನಕ್ಕೆ ಹೋಗಿ ಕಾದಿದ್ದಾನೆ. ಯಾರೂ ಬರದಿದ್ದಾಗ ಹೊಸದಕ್ಕೆ ಓಡಿದ್ದಾನೆ. ಗುಂಡಿ ಮುಚ್ಚಿ ಆಗಿತ್ತು. ಮುಖ ಸಿಗಲಿಲ್ಲ, ಒಂದು ಹಿಡಿ ಮಣ್ಣೂ ಸಿಗಲಿಲ್ಲ.

ಅವನು ಹೋದ ಮೇಲೆ ಸೊಸೆಯ ಫೋನಿನಲ್ಲಿ ನಾನೇ ಮುಟ್ಟಿ ನೋಡಿದೆ. ಹಾಸಿಗೆ. ಮತ್ತೆ ಮುಟ್ಟಿದೆ. ಹಾಸಿಗೆ.

ಕಾಗದದ ಮೇಲೆ ಜಾಹೀರಾತು ಅಲುಗಾಡುವುದಿಲ್ಲ. ಅಷ್ಟು ತಿಳಿಯದೆ ಪಾಸ್ ಎಂದವಳು ನಾನು. ಊರಿಗೆಲ್ಲ ಬುದ್ಧಿ ಹೇಳುವವಳು…

ಮಾರ್ಚ್ 28, ಶುಕ್ರವಾರ
ಎಂಟು ದಿನ ಈ ಡೈರಿ ಮುಟ್ಟಲಿಲ್ಲ. ಯಾವ ಸಾವನ್ನೂ ಓದಲಿಲ್ಲ.

ಇವತ್ತು ಸೊಸೆ ಎದುರಿಗೇ ಬಂದು ಕೂತಳು. ಅತ್ತು ಕಣ್ಣು ಊದಿತ್ತು. ‘ಜಾಹೀರಾತೆಲ್ಲಾ ತೆಗೆದ್ರೆ ಸೈಟೇ ಮುಚ್ಚಬೇಕಾಗುತ್ತೆ ಅತ್ತೆ. ಅವರ ಪುಟಾನೂ ಹೋಗುತ್ತೆ.’

ಅವರ ಪುಟ ಅಂದರೆ ನನ್ನ ಮಗನದು.

ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ‘ನಮ್ಮ ಹೆಣಕ್ಕೆ ಸೊನ್ನೆ, ಊರವರ ಹೆಣಕ್ಕೆ ಮೂರು. ಇದ್ಯಾವ ನ್ಯಾಯ ಕಣೇ? ನೀನೂ ಮಾಡಿದೆ, ನಾನೂ ಹೂಂ ಅಂದೆ.’

ಆಮೇಲೆ ಇಬ್ಬರೂ ಕೂಡಿ ಗೊತ್ತುಮಾಡಿಕೊಂಡೆವು. ಪುಟಕ್ಕೆ ಒಂದೇ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ. ಜಾರಬಾರದು. ಕಂಪನಿ ಕಳಿಸಿದ್ದು ಬೇಡ, ಊರಿನವರು ಬಂದು ಕೊಟ್ಟದ್ದು, ನಾವು ಓದಿ ಒಪ್ಪಿದ್ದು. ಮಗನ ಪುಟಕ್ಕೂ ಅದೇ ಕಾನೂನು.

‘ಅಷ್ಟು ಕೆಳಗಿರೋದಕ್ಕೆ ಯಾರು ಬರ್ತಾರೆ ಅತ್ತೆ?’

‘ಎರಡು ತಿಂಗಳು ನೋಡೋಣ. ಬರದಿದ್ರೆ ನಾವೇ ಬಾಗಿಲು ಹಾಕೋಣ.’

ಮಗನ ಪುಟ ಹೋದರೆ ಏನು ಮಾಡುತ್ತೇನೋ ಗೊತ್ತಿಲ್ಲ. ಬಾಯಲ್ಲಿ ಹೇಳುವುದು ಸುಲಭ.

ಏಪ್ರಿಲ್ 2, ಬುಧವಾರ
ಮೊದಲ ಗಿರಾಕಿ ಬಂದ. ದರ್ಜಿ.

‘ನಮ್ಮಣ್ಣನ ಪುಟದ ಕೆಳಗೆ ಜಾಗ ಇದೆಯಂತಲ್ಲ. ನನ್ನ ಅಂಗಡೀದು ಹಾಕ್ತೀರಾ?’

ಅಂಗಡಿ ಬಿಲ್ಲಿನ ಹಿಂಬದಿಯಲ್ಲಿ ಬರೆದು ತಂದಿದ್ದ. ಓದಿದೆ. ‘ನಾಳೆ ಹೊಲಿಗೆ ಅಂಗಡಿ ಮುಚ್ಚಿರುತ್ತದೆ. — ದರ್ಜಿ, ಇವರ ತಮ್ಮ.’

‘ಅಂಗಡಿ ಮುಚ್ಚಿದೆ ಅಂತ ಜಾಹೀರಾತು ಕೊಡೋನು ನೀನೊಬ್ಬನೇ ಕಣಪ್ಪ’ ಎಂದೆ. ಅಷ್ಟೂ ಹೇಳದಿದ್ದರೆ ಅತ್ತುಬಿಡುತ್ತಿದ್ದೆ.

‘ಆ ದಿನ ಮೂರೂವರೆವರೆಗೂ ಯಾರದೋ ಪ್ಯಾಂಟು ಹೊಲಿದೆ ಅಮ್ಮ. ಒಂದು ದಿನಾನಾದ್ರೂ ಮುಚ್ಚಬೇಡ್ವಾ? ಅಣ್ಣನ ಮಕ್ಕಳು ಬರೆದಿದ್ದರಲ್ಲಿ ನಾನಿಲ್ಲ. ಜಾಹೀರಾತಲ್ಲಿ ಇರಬಹುದಲ್ವಾ?’

ಸೊಸೆ ದುಡ್ಡು ಬೇಡವೆಂದಳು. ಅವನು ಒಪ್ಪಲಿಲ್ಲ. ‘ಪುಕ್ಕಟೆ ಆದ್ರೆ ಅದು ಜಾಹೀರಾತು ಹೆಂಗಾಗುತ್ತೆ? ನಾಳೆ ಅವರು ತೆಗೀರಿ ಅಂದ್ರೆ?’

ಸೊಸೆ ನನ್ನ ಮುಖ ನೋಡಿದಳು. ‘ತಗೋ’ ಎಂದೆ.

ಏಪ್ರಿಲ್ 2, ಸಂಜೆ ಐದು
ಕಾಗದ ಬೇಡ ಎಂದೆ. ಫೋನಿನಲ್ಲೇ ನೋಡಿದೆ. ಹೆಬ್ಬೆರಳಿಟ್ಟೆ. ಸಾಲು ಕದಲಲಿಲ್ಲ. ಸಮಯ, ಸ್ಥಳ ತೆರೆಯಿತು. ಕೆಳಕ್ಕೆ ಎಳೆದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮಗಳು, ಮೊಮ್ಮಕ್ಕಳು. ಅದರ ಕೆಳಗೆ, ಒಂದು ಚೌಕದೊಳಗೆ, ತಮ್ಮ.

ಓದುವಾಗ ಎಡವಿದೆ. ‘ತಿದ್ದಬೇಕಾ ಅತ್ತೆ?’ ಎಂದಳು. ಬೇಡ ಎಂದೆ.

ಇದೀಗ ಅವಳ ಫೋನು ಹೊಡೆದುಕೊಳ್ಳುತ್ತಿದೆ. ಬಡಗಿಯ ಹಿರಿಮಗ. ಸೊಸೆ ಬಾಗಿಲಲ್ಲಿ ನಿಂತು ‘ಏನಂತ ಹೇಳ್ಲಿ’ ಅನ್ನುತ್ತಿದ್ದಾಳೆ. ನನಗೆ ಕೊಡು ಎಂದಿದ್ದೇನೆ. ಆ ಹುಡುಗನಿಗೆ ಹೇಳಬೇಕಾದದ್ದು ಇಷ್ಟೇ: ಅದು ದುಡ್ಡು ಕೊಟ್ಟ ಜಾಹೀರಾತು, ತೆಗೆಯುವುದಿಲ್ಲ.