ಗಾಜಿನ ಮೇಲೆ ಕಂಡ ಗಂಟು

ದೊಡ್ಡಬಳ್ಳಾಪುರ
14-11-1997

ಪ್ರೀತಿಯ ತಂಗಿ ಗಂಗಲಕ್ಷ್ಮೀ,

ಧರ್ಮಾವರದಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ತಾನೆ? ವೆಂಕಟರಾಯಪ್ಪ ಭಾವನವರ ಮಂಡಿನೋವು ಹೇಗಿದೆ? ನಿನಗೆ ಚಳಿಗಾಲ ಬಂತೆಂದರೆ ಕೆಮ್ಮು ಹಿಡಿಯುತ್ತದೆ, ತಣ್ಣೀರಲ್ಲಿ ಕೈಯಾಡಿಸಬೇಡ. ಇಲ್ಲಿ ಈಗ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಿವೆ. ಇಲ್ಲದಿದ್ದರೆ ಆ ಸದ್ದಿನಲ್ಲಿ ನನಗೆ ನಾಲ್ಕು ಮಾತು ಜೋಡಿಸಿ ಬರೆಯಲು ಆಗುತ್ತಿತ್ತೇ?

ನನ್ನ ಎಡಗಿವಿಯ ಕೆಳಗಿನ ಗಂಟನ್ನು ಬೆಂಗಳೂರಿನಲ್ಲಿ ತೆಗೆಸಿದ್ದು ನಿನಗೆ ಗೊತ್ತು. ನೀನು ಬರುತ್ತೇನೆಂದಾಗ ಬೇಡವೆಂದವನು ನಾನೇ. ಬಾಯಲ್ಲಿ ಎಂಜಲೂರಿಸುವ ಗ್ರಂಥಿಯೊಂದು ಅಲ್ಲಿ ಇರುತ್ತದಂತೆ, ಗಂಟು ಬೆಳೆದದ್ದು ಅದರಲ್ಲಿ. ಇಷ್ಟು ವರ್ಷ ಉಂಡೆ, ಉಗಿದೆ, ಅಂಥದ್ದೊಂದು ಇದೆಯೆಂದೇ ತಿಳಿದಿರಲಿಲ್ಲ ನೋಡು. ಆಪರೇಷನ್ ಮಾಡಿದ ಡಾಕ್ಟರು, "ಗಂಟು ಪೂರ್ತಿ ಬಂದಿದೆ ಯಜಮಾನ್ರೆ, ಆದ್ರೆ ಅದರ ಬುದ್ಧಿ ಎಂಥದು ಅಂತ ಗೊತ್ತಾಗ್ಬೇಕು" ಎಂದರು. ಈ ಗಂಟುಗಳಲ್ಲಿ ಕೆಲವು ಸಾಧುವಂತೆ, ಕೆಲವು ಸುಮ್ಮನಿದ್ದಂತೆ ಮಾಡಿ ಮತ್ತೆ ಮೇಲೇಳುತ್ತವಂತೆ. ನನ್ನದು ನೋಡಲು ಎರಡರ ನಡುವೆ ಇತ್ತು. ಕೆಟ್ಟದ್ದಾದರೆ ಕರೆಂಟು ಕೊಡಬೇಕು ಎಂದಾಗ ನಿನ್ನ ಅತ್ತಿಗೆ ಮುನಿತಾಯಮ್ಮ, "ಕರೆಂಟಾ? ಮುಖಕ್ಕಾ?" ಎಂದು ಅಲ್ಲೇ ಕುಸಿದು ಕೂತಳು. ಅದು ಈ ಕರೆಂಟಲ್ಲ, ಒಂದು ಬಗೆಯ ಕಿರಣ ಎಂದು ಮಗ ಕೆಂಪರಾಜ್ ಬಿಡಿಸಿ ಹೇಳಿದ ಮೇಲೂ ಅವಳು ಮನೆ ಸೇರುವ ತನಕ ನನ್ನ ಕೈ ಬಿಡಲಿಲ್ಲ.

ಮೊನ್ನೆ ಫಲಿತಾಂಶ ಕೇಳಲು ಹೋದಾಗ ಆ ದೊಡ್ಡ ಡಾಕ್ಟರು ನಮ್ಮನ್ನು ಲ್ಯಾಬಿಗೆ ಕಳಿಸಿದರು. ಅಲ್ಲಿ ಒಬ್ಬ ಡಾಕ್ಟರಮ್ಮ, ನಮ್ಮ ಮನೆ ಮಗಳ ವಯಸ್ಸಿನವಳು. ನನ್ನ ಗಂಟನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಚ್ಚಿಟ್ಟಿದ್ದಳು. "ನಾನೂ ನೋಡ್ಬೋದೇನವ್ವ?" ಎಂದುಬಿಟ್ಟೆ. ಕೆಂಪರಾಜ್, "ಅಪ್ಪಾ, ಸುಮ್ಕೆ ಕೂತ್ಕೊ" ಎಂದು ಗದರಿದ. ಆಕೆ ಮಾತ್ರ ಎದ್ದು ತನ್ನ ಸ್ಟೂಲನ್ನೇ ಬಿಟ್ಟುಕೊಟ್ಟಳು.

"ತಾತ, ಮೈಯ ಒಂದು ಜೀವಕಣ ಎರಡಾಗೋಕೆ ಹೊರಟಾಗ ಅದರೊಳಗೆ ಒಂದು ಪ್ರೋಟೀನ್ ಹುಟ್ಟುತ್ತೆ. ಸುಮ್ಮನಿರೋ ಕಣದಲ್ಲಿ ಅದು ಇರಲ್ಲ. ಆ ಪ್ರೋಟೀನನ್ನೇ ಹುಡ್ಕೊಂಡು ಹೋಗಿ ಅಂಟೋ ಮದ್ದು ಹಾಕಿದೀವಿ. ಅಂಟಿದ ಕಡೆ ಕಂದು, ಮಿಕ್ಕಿದ್ದೆಲ್ಲ ನೀಲಿ" ಎಂದಳು. ಪ್ರೋಟೀನ್ ಅಂದರೆ ಬೇಳೆ, ಮೊಟ್ಟೆಯಲ್ಲಿ ಇರುವುದಲ್ಲವೇ ಎಂದು ಕೇಳಿದೆ. ನಕ್ಕಳು. "ಅದೇ ಜಾತಿ ತಾತ, ಆದ್ರೆ ಸಾವಿರಾರು ಬಗೆ. ಒಂದೊಂದಕ್ಕೂ ಒಂದೊಂದು ಕೆಲಸ."

ಮೊದಲು ಬೇರೆ ಯಾರದೋ ಗಾಜು ತೋರಿಸಿದಳು. ಅಬ್ಬಾ! ಕಣ್ಣು ಹಾಯಿಸಿದಲ್ಲೆಲ್ಲ ಕಂದು, ರಾಗಿ ಚೆಲ್ಲಿದ ಹಾಗೆ. "ಇವ್ರು ಹೆಂಗವ್ರವ್ವ?" ಎಂದೆ. ಆಕೆ ಆ ಗಾಜನ್ನು ತೆಗೆದಿಡುತ್ತಾ, "ಟ್ರೀಟ್‌ಮೆಂಟ್ ಕೊಡ್ತಾ ಇದೀವಿ" ಎಂದಳು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾವ ತಾಯಿಯ ಮಕ್ಕಳೋ, ಅವರಿಗಾಗಿ ಅಲ್ಲೇ ಒಂದು ಸಲ ಚೌಡೇಶ್ವರಿಯನ್ನು ನೆನೆದೆ.

ಆಮೇಲೆ ನನ್ನದು. ಗಂಗಲಕ್ಷ್ಮೀ, ಏನೆಂದು ಹೇಳಲಿ? ನೀಲಿ, ಬರೀ ನೀಲಿ. ಅಲ್ಲೊಂದು ಇಲ್ಲೊಂದು ಕಂದು ಚುಕ್ಕಿ. ನಾನು ಜೀವಮಾನವೆಲ್ಲ ರೇಷ್ಮೆಗೆ ಬಣ್ಣ ಕಟ್ಟಿದವನು. ನೂಲಿನ ಲಡಿಯನ್ನು ಅದ್ದಿದರೆ ಇಡೀ ಲಡಿ ಬಣ್ಣ ಕುಡಿಯುತ್ತದೆ. ಇಲ್ಲಿ ಆ ಬಣ್ಣ ಲಕ್ಷಗಟ್ಟಲೆ ಕಣಗಳನ್ನು ದಾಟಿ ಹೋಗಿ, ಇವತ್ತಲ್ಲ ನಾಳೆ ಒಡೆದು ಎರಡಾಗುವೆನೆಂದು ಕಾದಿದ್ದ ಒಂದನ್ನು ಮಾತ್ರ ಹಿಡಿದಿತ್ತು. ಮನುಷ್ಯನ ಮನಸ್ಸಿನಲ್ಲಿ ಇರುವುದನ್ನು ತಿಳಿಯಲಾರೆವು, ಒಂದು ಕಣದ ಮನಸ್ಸಿನಲ್ಲಿ ಇರುವುದನ್ನು ಇವರು ಗಾಜಿನ ಮೇಲೆ ಬರಿಸುತ್ತಾರೆ! ನನಗೆ ಕಣ್ಣು ತುಂಬಿ ಬಂದು ನೀಲಿಯೆಲ್ಲ ಕಲಸಿಹೋಯಿತು. ಕೆಂಪರಾಜನೂ ನೋಡಿದ. ಗದರಿದವನು ಆಮೇಲೆ ಏಳಲೇ ಒಲ್ಲ.

"ಇದು ಜಾತಕ ಅಲ್ಲ ತಾತ, ಸೂಚನೆ ಅಷ್ಟೆ. ನಾವೂ ಇನ್ನೂ ಕಲೀತಾ ಇದೀವಿ" ಎಂದಳು ಡಾಕ್ಟರಮ್ಮ. ಆ ಮಾತಿನಿಂದ ಆಕೆಯ ಮೇಲೆ ನನಗೆ ಇನ್ನೂ ನಂಬಿಕೆ ಬಂತು. ದೊಡ್ಡ ಡಾಕ್ಟರು ಗಂಟಿನ ಅಂಚನ್ನೂ ಈ ಬಣ್ಣವನ್ನೂ ಸೇರಿಸಿ ಯೋಚಿಸಿ, ಸದ್ಯಕ್ಕೆ ಕರೆಂಟು ಬೇಡ, ತಪ್ಪದೆ ಬಂದು ತೋರಿಸುತ್ತಿರಿ ಎಂದರು. ಮುನಿತಾಯಮ್ಮ ಅವತ್ತು ಒಬ್ಬಟ್ಟು ಮಾಡಿದಳು. ನನ್ನ ಕಣಗಳ ಕಥೆ ಮಾತ್ರ ಅವಳಿಗೆ ಬೇಡ. "ಉಣ್ಣೋವಾಗ ಅದೆಲ್ಲ ಹೇಳ್ಬೇಡ" ಎನ್ನುತ್ತಾಳೆ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮನೆ ತುಂಬಿರಲಿ, ತಾಯಿ ಚೌಡೇಶ್ವರಿ ನಿಮ್ಮೆಲ್ಲರನ್ನೂ ಕಾಪಾಡಲಿ.

ನಿನ್ನ ಅಣ್ಣ,
ಅಪ್ಪಯ್ಯಣ್ಣ

ತಾ.ಕ.: ಕರೆಂಟು ಬಂತು, ಬೇಗ ಮುಗಿಸುತ್ತೇನೆ. ನಿನ್ನ ಮಗಳು ವಾಣಿಶ್ರೀ ಮದುವೆಗೆ ಬರಲಾಗುವುದಿಲ್ಲ ಎಂದು ಕೆಂಪರಾಜನ ಕೈಲಿ ಹೇಳಿ ಕಳಿಸಿದ್ದೆ. ನಿನಗೆ ನೋವಾಗಿದೆಯೆಂದು ಗೊತ್ತು. ಮುಖದ ನರ ಗಂಟಿಗೆ ಅಂಟಿಕೊಂಡಿತ್ತಂತೆ, ಬಿಡಿಸುವಾಗ ಸೋತಿದೆ. ಸರಿಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಎಡಗಣ್ಣು ಪೂರಾ ಮುಚ್ಚುವುದಿಲ್ಲ, ಬಾಯಿ ಒಂದು ಕಡೆಗೆ ಎಳೆಯುತ್ತದೆ. ಶುಭಕಾರ್ಯದಲ್ಲಿ ಈ ಮುಖ ಏಕೆ ಎಂದುಕೊಂಡಿದ್ದೆ. ಆ ನೀಲಿ ನೋಡಿ ಬಂದ ಮೇಲೆ ಹಾಗನ್ನಿಸುತ್ತಿಲ್ಲ. ಬರುತ್ತೇನೆ, ಧಾರೆಗೆ ಮೊದಲೇ ಬರುತ್ತೇನೆ. ಮನೆಯ ಚಿಕ್ಕ ಮಕ್ಕಳಿಗೆ ಮಾತ್ರ ಮುಂಚೆಯೇ ಹೇಳಿಡು: ತಾತ ಸಿಟ್ಟಾಗಿಲ್ಲ, ಈಗ ಅವರು ನಗುವುದೇ ಹೀಗೆ ಅಂತ.