ಅತ್ತೆಯ ಮೊಣಕಾಲು ಪಟ್ಟಿ

ರೀ,

ನೀವು ಏಳುವಷ್ಟರಲ್ಲಿ ನಾನು ವಾಲಿಬಾಲ್ ಪಂದ್ಯಕ್ಕೆ ಹೋಗಿರುತ್ತೇನೆ. ನಿನ್ನೆ ತಾನೇ ಮೊಣಕಾಲಿನ ನೀರು ತೆಗೆಸಿಕೊಂಡವಳು ಇವತ್ತು ಹೊರಟಳೇ ಎಂದು ಫೋನ್ ಮಾಡಿ ಬೈಯಬೇಡಿ, ಎತ್ತುವುದಿಲ್ಲ.

ಮಿಸೋ ಸಾರು ಒಲೆಯ ಮೇಲಿದೆ. ಅತ್ತೆಗೆ ಅದರಲ್ಲಿನ ತೋಫು ತುಂಡುಗಳನ್ನು ಕಿವುಚಿ ಕೊಡಿ, ಇಲ್ಲದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ವೃದ್ಧರ ಡೇ ಕೇರ್ ವ್ಯಾನ್ ಬಂದಾಗ ಕೈ ಹಿಡಿದು ಮೆಟ್ಟಿಲು ಇಳಿಸಿ. ಅವರ ಮೊಣಕಾಲು ಪಟ್ಟಿ ನನ್ನ ಕಾಲಲ್ಲಿದೆ. ನನ್ನದರ ಎಲಾಸ್ಟಿಕ್ ಸತ್ತುಹೋಗಿದೆ.

ನಿಮಗೆ ಇದು ಹೆಂಗಸರು ಹೊತ್ತು ಕಳೆಯುವ ಆಟ. ಟೀವಿಯಲ್ಲಿ ತೋರಿಸುವ ಆರು ಜನರ ವಾಲಿಬಾಲ್‌ನಂತಲ್ಲ, ನಮ್ಮ ಒಂಬತ್ತು ಜನರ ಆಟದಲ್ಲಿ ಯಾರೂ ಜಾಗ ಬದಲಿಸುವುದಿಲ್ಲ. ಬಲೆಯ ಮುಂದೆ ನಿಂತವಳು ಕೊನೆತನಕ ಮುಂದೆಯೇ. ಇವತ್ತು ನಾನು ಹಾರದಿದ್ದರೆ ಆ ಜಾಗ ಹೊಸದಾಗಿ ಸೇರಿದ ಹುಡುಗಿ ಮಿಹೋಗೆ ಎಂದು ಕ್ಯಾಪ್ಟನ್ ಹೇಳಿಬಿಟ್ಟಿದ್ದಾಳೆ. "ಅಕ್ಕಾ, ನೀವು ಹಿಂದೆ ನಿಂತ್ಕೊಂಡು ಆರಾಮಾಗಿ ಆಡಿ" ಎಂದೂ ಕ್ಯಾಪ್ಟನ್ನೇ ಅಂದಳು. ಆರಾಮವಂತೆ. ಅಂಗಡಿಯ ಕೆಲಸ, ಅತ್ತೆಯ ಸ್ನಾನ, ನಿಮ್ಮ ಊಟದ ಡಬ್ಬಿ, ಇಷ್ಟರ ನಡುವೆ ನನ್ನದು ಅಂತ ಇರುವುದು ಅದೊಂದೇ ಜಾಗ. ಅದೂ ಹೋದರೆ ನಾನು ಎಲ್ಲಿ ನಿಲ್ಲಲಿ?

ಪಟ್ಟಿ ನಾನು ಕದ್ದದ್ದಲ್ಲ. ಈಗಷ್ಟೇ ಆಟದ ಜೆರ್ಸಿ ತೊಟ್ಟು ಬಾಗಿಲಲ್ಲಿ ಕೂತು ಶೂ ಹಾಕಿಕೊಳ್ಳುತ್ತಿದ್ದೆ, ಅತ್ತೆ ಎದ್ದು ಬಂದು ಪಕ್ಕದಲ್ಲಿ ಕೂತರು. "ಯಾರಮ್ಮಾ ನೀನು?" ಎಂದು ದಿನದಂತೆ ಕೇಳಿದರು. ಹೆಸರು ಹೇಳುವಷ್ಟರಲ್ಲಿ ತಮ್ಮ ಪಟ್ಟಿ ಬಿಚ್ಚಿ ನನ್ನ ಕಾಲಿಗೆ ಬಿಗಿದರು. "ಮುಂದಿನ ಜಾಗ ಬಿಟ್ಕೊಡ್ಬೇಡ. ನಾನು ಮಗು ಆಯ್ತು ಅಂತ ಬಿಟ್ಟೆ, ಮತ್ತೆ ಯಾರೂ ಕರೀಲೇ ಇಲ್ಲ" ಅಂದರು.

ಅವರೂ ಆಡುತ್ತಿದ್ದರು ಎಂದು ನೀವು ಒಂದು ದಿನವೂ ಹೇಳಲಿಲ್ಲವಲ್ಲ.

ಆ ಮಗು ನೀವೇ. ನಿಮಗೂ ಗೊತ್ತಿರಲಿಲ್ಲವೇ?

ನೊಬುಯೊ